ಗೇಮ್ ಕಟ್ಟೆ: ಅಟ್ಟದ ಮೇಲಿನ ಡಬ್ಬ ಇನ್ನೂ ಆನ್ ಆಗುತ್ತಾ?

ಹೋದ ಸಂಚಿಕೆ ಕೊನೇಲಿ ಸುಮ್ನೆ ಒಂದು ಸಾಲು ಹಾಕಿದ್ದೆ, ನಿಮ್ಮ ಫೇವರಿಟ್ ಕನ್ಸೋಲ್, ಅಂದ್ರೆ ಗೇಮ್ ಆಡೋ ಡಬ್ಬ, ಯಾವ್ದು, ಯಾಕೆ ಅಂತ ಬರ್ದು ಕಳ್ಸಿ, ಏನಾದ್ರೂ ಕೇಳೋದಿದ್ರೆ ಕೇಳಿ ಅಂತ. ಅಷ್ಟಕ್ಕೇ ಇಷ್ಟೊಂದು ಬರುತ್ತೆ ಅಂತ ಗೊತ್ತಿದ್ದಿದ್ರೆ ಸಂಪಾದಕರ ಹತ್ರ ಎರಡು ಪುಟ ಜಾಸ್ತಿ ಕೇಳಿಟ್ಕೋತಿದ್ದೆ. ಒಬ್ರಂತೂ ಪ್ರಶ್ನೆನೂ ಇಲ್ಲ ಉತ್ರಾನೂ ಇಲ್ಲ, ಪೆನ್ಸಿಲಲ್ಲಿ ಒಂದು ಕಂಟ್ರೋಲರ್ ಚಿತ್ರ ಬಿಡಿಸಿ ಕೆಳಗೆ "ಇದು" ಅಂತ ಒಂದೇ ಪದ ಬರ್ದಿದಾರೆ. ಮೂರು ಹಿಡಿ ಇದೆ, ನಡುವೆ ಒಂದು ಕಡ್ಡಿ ಇದೆ, ನಿಂಟೆಂಡೊ 64 ಅಂತ ಗುರುತು ಸಿಕ್ತು ಸ್ವಾಮಿ. ಎಲ್ಲಾ ಹಾಕೋಕೆ ಆಗ್ಲಿಲ್ಲ, ಬಿಟ್ಟುಹೋದೋರು ಬೈಕೋಬೇಡಿ.

ಪ್ರಶ್ನೆ: ಸಾರ್, ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡ್ಬೇಡಿ. ಪ್ರಪಂಚದಲ್ಲಿ ಬೆಸ್ಟ್ ಕನ್ಸೋಲ್ ಯಾವ್ದು? ಒಂದೇ ಹೆಸ್ರು ಹೇಳಿ, ಫ್ರೆಂಡ್ಸ್ ಜೊತೆ ಬೆಟ್ ಕಟ್ಟಿದೀನಿ. (ಬೆಟ್ ಕಟ್ಟಿದವ)

ಮಾರಾಟದ ಲೆಕ್ಕದ ಮೇಲೆ ಬೆಟ್ ಕಟ್ಟಿದ್ರೆ ಪ್ಲೇಸ್ಟೇಷನ್ 2, ಹೋಗಿ ದುಡ್ಡು ಇಸ್ಕೊಳ್ಳಿ. 2000ನೇ ಇಸವಿ ಮಾರ್ಚಲ್ಲಿ ಜಪಾನಲ್ಲಿ ಬಂತು, 16 ಕೋಟಿ ದಾಟಿ ಮಾರಾಟ ಆಯ್ತು ಅಂತ ಸೋನಿಯವರೇ ಹೇಳಿದಾರೆ. ಅದರ ಹಿಂದೆ ನಿಂಟೆಂಡೊದ ಡಿಎಸ್ಸು, ಸ್ವಿಚ್ಚು, ಎರಡೂ 15 ಕೋಟಿ ದಾಟಿದವೇ. ಪಿಎಸ್2 ಅಷ್ಟು ಹೋಗಿದ್ದಕ್ಕೆ ಗೇಮ್ ಒಂದೇ ಕಾರಣ ಅಲ್ಲ, ಅದ್ರಲ್ಲಿ ಡಿವಿಡಿ ಓಡ್ತಿತ್ತು, ಹಾಗಾಗಿ "ಮನೆಗೆ ಒಂದು ಡಿವಿಡಿ ಪ್ಲೇಯರ್ ಬೇಕಲ್ಲ ಅಪ್ಪಾ" ಅಂತ ಎಷ್ಟು ಜನ ಮಕ್ಕಳು ಅಪ್ಪನ್ನ ಒಪ್ಪಿಸಿದಾರೋ ಲೆಕ್ಕ ಇಲ್ಲ, ಮೇಲಿಂದ ಹಳೇ ಪ್ಲೇಸ್ಟೇಷನ್ ಗೇಮ್‌ಗಳೂ ಅದ್ರಲ್ಲೇ ಓಡ್ತಿದ್ವು, ಅಂದ್ರೆ ಹೊಸ ಡಬ್ಬ ತಂದ ದಿನಾನೇ ಕಪಾಟು ತುಂಬಾ ಗೇಮ್ ರೆಡಿ ಇರ್ತಿತ್ತು.

ಆದ್ರೆ ಬೆಟ್ ಇರೋದು ಪ್ರೀತಿ ಮೇಲೆ ಅಂದ್ರೆ ನನ್ನ ಕೇಳ್ಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇಲ್ಲೂ ಅದೇ ಕಥೆ. ಬಂದ ಪತ್ರಗಳನ್ನೆಲ್ಲಾ ಒಟ್ಟಿಗೆ ಕೂತು ಓದಿದಾಗ ಒಂದು ವಿಷ್ಯ ಗಮನಕ್ಕೆ ಬಂತು, ಯಾರೊಬ್ರೂ ನನ್ನ ಕನ್ಸೋಲ್ ಪ್ರೊಸೆಸರ್ ಇಷ್ಟು ಸ್ಪೀಡು ಗ್ರಾಫಿಕ್ಸ್ ಅಷ್ಟು ಚೆನ್ನಾಗಿತ್ತು ಅಂತ ಬರ್ದಿಲ್ಲ, ಎಲ್ರೂ ಅದರ ಕೊರತೇನ್ನೇ ಮುದ್ದು ಮಾಡಿ ಬರ್ದಿದಾರೆ. ಸ್ಕ್ರೀನಲ್ಲಿ ಲೈಟ್ ಇರ್ಲಿಲ್ಲ, ವೈರು ಗಿಡ್ಡ ಇತ್ತು, ಸೇವ್ ಆಗ್ತಿರ್ಲಿಲ್ಲ, ಲೋಡ್ ಆಗೋಕೆ ಯುಗ ಹಿಡೀತಿತ್ತು ಅಂತ. ದೂರು ಹೇಳ್ತಿದಾರೆ ಅಂದ್ಕೊಂಡು ಓದಿದ್ರೆ ಕೊನೇಲಿ "ಅದೇ ನನ್ನ ಫೇವರಿಟ್" ಅಂತಾರೆ.

ಪ್ರಶ್ನೆ: ಕ್ಯಾಸೆಟ್ ತೆಗ್ದು ಬಾಯಿಂದ ಊದಿ ಮತ್ತೆ ಹಾಕಿದ್ರೆ ಗೇಮ್ ಬರ್ತಿತ್ತಲ್ಲ, ಅದು ನಿಜ್ವಾಗ್ಲೂ ಕೆಲಸ ಮಾಡ್ತಿತ್ತಾ? ನನ್ನ ಮಗಳು ನಗ್ತಾಳೆ. (ಊದಿ ಊದಿ ಸುಸ್ತಾದವ)

ಮಗಳು ನಗೋದ್ರಲ್ಲಿ ನ್ಯಾಯ ಇದೆ. ಊದಿದ್ರಿಂದ ಅಲ್ಲ, ತೆಗ್ದು ಮತ್ತೆ ಹಾಕಿದ್ರಿಂದ ಬರ್ತಿತ್ತು.

ಇದರ ಕಥೆ ಸ್ವಲ್ಪ ಉದ್ದ ಇದೆ, ಹೇಳ್ಲೇಬೇಕು. ನಿಂಟೆಂಡೊದ ಫ್ಯಾಮಿಕಾಮ್ 1983ರಲ್ಲಿ ಜಪಾನಲ್ಲಿ ಬಂದಾಗ ಕ್ಯಾಸೆಟ್ ಮೇಲಿಂದ ನೇರ ಚುಚ್ಚೋ ಥರ ಇತ್ತು, ತಕರಾರೇ ಇರ್ಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ವಿಡಿಯೋ ಗೇಮ್ ಮಾರ್ಕೆಟ್ ಮಕಾಡೆ ಮಲಗ್ತು, ಕಳಪೆ ಗೇಮ್‌ಗಳು ರಾಶಿ ಬಿದ್ದು ಅಂಗಡಿಯೋರಿಗೆ ವಿಡಿಯೋ ಗೇಮ್ ಅನ್ನೋ ಹೆಸ್ರು ಕೇಳಿದ್ರೇ ಆಗ್ತಿರ್ಲಿಲ್ಲ, ಮಾರಾಟ ಆಗದ ಅಟಾರಿ ಕಂಪನಿಯ ಗೇಮ್ ಕ್ಯಾಸೆಟ್‌ಗಳನ್ನ ನ್ಯೂ ಮೆಕ್ಸಿಕೋದ ಆಲಮೊಗೋರ್ಡೋದಲ್ಲಿ ಕಸದ ಗುಂಡಿಗೆ ಹಾಕಿ ಮುಚ್ಚಿದ್ರು, 2014ರಲ್ಲಿ ಅಗೆದು ನೋಡಿದಾಗ ಅವು ಇದ್ದಿದ್ದು ನಿಜ ಅಂತ ಗೊತ್ತಾಯ್ತು. ಅಂಥಾ ಜಾಗಕ್ಕೆ 1985ರಲ್ಲಿ ಹೋಗುವಾಗ ನಿಂಟೆಂಡೊ ಏನ್ಮಾಡ್ತು, ಇದು ಆಟದ ಸಾಮಾನು ಅನ್ನಿಸ್ಲೇಬಾರ್ದು ಅಂತ ಫ್ಯಾಮಿಕಾಮಿಗೆ ಸಿನಿಮಾ ಕ್ಯಾಸೆಟ್ ಹಾಕೋ ವಿಸಿಆರ್ ವೇಷ ಹಾಕ್ತು. ಮುಂದಿನ ಬಾಗಿಲು ತೆಗ್ದು ಕ್ಯಾಸೆಟ್ ಒಳಗೆ ತಳ್ಳಿ ಕೆಳಗೆ ಒತ್ತೋದು, ಅದೇ ಎನ್‌ಇಎಸ್. ನೋಡೋಕೆ ಚೆಂದ, ಆದ್ರೆ ಒಳಗಿನ 72 ಪಿನ್ನಿನ ಕನೆಕ್ಟರ್ ಹೀಗೆ ಬಗ್ಗಿ ಬಗ್ಗಿ ಸಡಿಲ ಆಗೋದು. ಇನ್ನೂ ಒಂದು ಇದೆ, ಅಸಲಿ ಕ್ಯಾಸೆಟ್ಟಾ ನಕಲಿನಾ ಅಂತ ನೋಡೋಕೆ ಒಳಗೊಂದು ಲಾಕ್ ಚಿಪ್ ಇತ್ತು, ಒಂದು ಪಿನ್ ಸರಿಯಾಗಿ ತಾಗದಿದ್ರೂ ಅದು ಕಳ್ಳ ಬಂದ ಅಂತ ರೀಸೆಟ್ ಮಾಡ್ತಾನೇ ಇರೋದು, ಆ ಲೈಟು ಮಿಣುಕು ಮಿಣುಕು ಅನ್ನೋದು ಅದಕ್ಕೇ.

ನೀವು ಊದಿದಾಗ ಒಳಗೆ ಹೋಗ್ತಿದ್ದಿದ್ದು ಗಾಳಿಗಿಂತ ಜಾಸ್ತಿ ಉಗುಳಿನ ತೇವ. ಕಾಲ ಕಳೆದ ಹಾಗೆ ಪಿನ್ನು ಕಿಲುಬು ಹಿಡಿಯುತ್ತೆ, ಊದಬೇಡಿ ಅಂತ ನಿಂಟೆಂಡೊನೇ ಹೇಳ್ತಿತ್ತು. ಈಗ್ಲೂ ಹಳೇ ಕ್ಯಾಸೆಟ್ ಇದ್ರೆ ಕಿವಿಗೆ ಹಾಕೋ ಹತ್ತಿಕಡ್ಡಿಗೆ ಒಂಚೂರು ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ ಪಿನ್ ಉದ್ದಕ್ಕೆ ಒರೆಸಿ, ಕಡ್ಡಿ ಕಪ್ಪಗೆ ಬರುತ್ತೆ, ಬಿಳಿ ಬರೋ ತನಕ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಮಗಳ ಮುಂದೆ ಮಾತ್ರ ಒಂದ್ಸಲ ಊದಿ ತೋರ್ಸಿ ಪರ್ವಾಗಿಲ್ಲ, ಅದೊಂಥರಾ ಮಂತ್ರ.

ಪ್ರಶ್ನೆ: ನನ್ನ ಫೇವರಿಟ್ ನಿಂಟೆಂಡೊದ ಗೇಮ್ ಬಾಯ್, ಕೈಲಿ ಹಿಡಿದು ಆಡೋದು. ಆದ್ರೆ ಈಗ ತೆಗ್ದು ನೋಡಿದ್ರೆ ಸ್ಕ್ರೀನ್ ಕಾಣ್ಸೋದೇ ಇಲ್ಲ, ಪಾಚಿ ಬಣ್ಣ. ಆವಾಗ್ಲೇ ಕಲರ್ ಸ್ಕ್ರೀನ್ ಇರೋ ಬೇರೆ ಕಂಪನಿಯದ್ದು ಇತ್ತಲ್ವಾ, ಇದನ್ಯಾಕೆ ಎಲ್ರೂ ಹಚ್ಕೊಂಡ್ವಿ? (ಲೈಟಿನ ಕಂಬದ ಕೆಳಗೆ ಆಡಿದವಳು)

ಸಹಿ ನೋಡಿದ ತಕ್ಷಣ ಈ ಪತ್ರ ಹಾಕ್ಲೇಬೇಕು ಅನ್ನಿಸ್ತು. ಕಾರಲ್ಲಿ ರಾತ್ರಿ ಹೋಗುವಾಗ ಒಂದು ಲೈಟ್ ಕಂಬ ಹಾದು ಹೋದಾಗ ಎರಡು ಸೆಕೆಂಡ್ ಆಟ, ಆಮೇಲೆ ಕತ್ತಲು, ಮತ್ತೆ ಕಂಬ ಬಂದಾಗ ನೋಡಿದ್ರೆ ಸತ್ತಿರ್ತೀವಿ. ಆಡಿದವರಿಗೆ ಗೊತ್ತು.

ಇದನ್ನ ಮಾಡಿದ ತಂಡದ ಮುಖ್ಯಸ್ಥ ಗುನ್‌ಪೆಯ್ ಯೊಕೊಯ್ ಅಂತ. 1965ರಲ್ಲಿ ನಿಂಟೆಂಡೊ ಸೇರಿದಾಗ ಅದು ಇಸ್ಪೀಟಿನಂಥ ಎಲೆ ಮಾಡೋ ಕಂಪನಿ, ಈ ಪುಣ್ಯಾತ್ಮಂದು ಆ ಮಿಷಿನ್‌ಗಳನ್ನ ನೋಡ್ಕೊಳ್ಳೋ ಕೆಲಸ. ಅವನ ಸಿದ್ಧಾಂತ ಏನಂದ್ರೆ ಹೊಚ್ಚ ಹೊಸ ಟೆಕ್ನಾಲಜಿ ಹಿಂದೆ ಓಡ್ಬೇಡಿ, ಹಳೇದಾಗಿ ಅಗ್ಗ ಆಗಿ ಅದರ ಗುಣ ಅವಗುಣ ಎಲ್ಲಾ ಗೊತ್ತಾಗಿರೋದನ್ನ ತಗೊಂಡು ಯಾರೂ ಯೋಚ್ನೆ ಮಾಡದ ಥರ ಬಳಸಿ ಅಂತ. ನಮ್ಮ ಕಡೆ ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಲ್ಲ, ಇವನು ಹಾಸಿಗೆ ಚಿಕ್ಕದಿದ್ರೆ ಅಡ್ಡ ಮಲಗಿ ನೋಡಿದವನು. ನಮ್ಮ ಹೆಬ್ಬೆರಳು ಇವತ್ತಿಗೂ ಒತ್ತೋ ಪ್ಲಸ್ ಆಕಾರದ ಬಟನ್ ಇದೆಯಲ್ಲ, ಅದೂ ಇವನದ್ದೇ, 1982ರ ಡಾಂಕಿ ಕಾಂಗ್ ಗೇಮ್ ಅಂಡ್ ವಾಚ್ ಅನ್ನೋ ಪುಟ್ಟ ಜೇಬಿನ ಗೇಮಲ್ಲಿ ಬಂದಿದ್ದು.

ಗೇಮ್ ಬಾಯ್ ಬಂದಿದ್ದು 1989ರಲ್ಲಿ. 160 ಗುಣಿಸು 144 ಚುಕ್ಕಿ, ನಾಲ್ಕೇ ನಾಲ್ಕು ಛಾಯೆ, ಲೈಟ್ ಇಲ್ಲ. ಅಷ್ಟು ದರಿದ್ರ ಸ್ಕ್ರೀನ್ ಇದ್ದಿದ್ರಿಂದ್ಲೇ ನಾಲ್ಕು ಪೆನ್ಸಿಲ್ ಸೆಲ್ ಹಾಕಿದ್ರೆ ಹತ್ತು ಹದಿನೈದು ಗಂಟೆ ಆರಾಮಾಗಿ ಓಡ್ತಿತ್ತು. ನೀವು ಹೇಳ್ತಿರೋ ಕಲರ್‌ದು ಬಹುಶಃ ಸೆಗಾ ಗೇಮ್ ಗಿಯರ್, 1990ರದ್ದು, ಬಣ್ಣ ಇತ್ತು ಹಿಂದೆ ಲೈಟ್ ಇತ್ತು ಎಲ್ಲಾ ಇತ್ತು, ಆರು ಸೆಲ್ ತಿಂದು ಮೂರರಿಂದ ಐದು ಗಂಟೇಲಿ ಕೈ ಎತ್ತೋದು. ಜೇಬಲ್ಲಿ ಹೋಗೋ ಆಟದ ಸಾಮಾನು ಪ್ಲಗ್ ಪಕ್ಕ ಕೂತ್ರೆ ಏನು ಬಂತು ಹೇಳಿ.

ಜೊತೆಗೆ ಟೆಟ್ರಿಸ್. ಬೀಳೋ ಇಟ್ಟಿಗೆಗೆ ಬಣ್ಣ ಬೇಕಾಗಿಲ್ಲ, ಕತೆ ಬೇಕಾಗಿಲ್ಲ, ಅಮೆರಿಕ ಯುರೋಪಲ್ಲಿ ಡಬ್ಬದ ಜೊತೇಲೇ ಕೊಟ್ರು, ಮಕ್ಕಳಿಗೆ ತಂದಿದ್ದನ್ನ ಅಪ್ಪ ಅಮ್ಮ ಕಿತ್ಕೊಂಡು ಆಡಿದ್ರು. 1993ರಲ್ಲಿ ರಷ್ಯಾದ ಗಗನಯಾತ್ರಿ ಒಬ್ರು ಅಂತರಿಕ್ಷಕ್ಕೂ ತಗೊಂಡೋಗಿದ್ರು. ಗಲ್ಫ್ ಯುದ್ಧದಲ್ಲಿ ಬಾಂಬಿಗೆ ಸುಟ್ಟು ಕರಕಲಾದ ಒಂದು ಗೇಮ್ ಬಾಯ್ ನ್ಯೂಯಾರ್ಕಿನ ನಿಂಟೆಂಡೊ ಅಂಗಡೀಲಿ ವರ್ಷಗಟ್ಟಲೆ ಗಾಜಿನ ಪೆಟ್ಟಿಗೇಲಿತ್ತು, ಮೈಯೆಲ್ಲಾ ಕರಗಿ ಗಂಟುಗಂಟಾಗಿತ್ತು, ಸ್ಕ್ರೀನಲ್ಲಿ ಮಾತ್ರ ಟೆಟ್ರಿಸ್ ಓಡ್ತಾ ಇತ್ತು. ಗೇಮ್ ಬಾಯ್ ಕಲರ್ ಸೇರಿಸಿ ಸುಮಾರು 11.87 ಕೋಟಿ ಮಾರಾಟ.

ಒಂದು ಎಚ್ಚರಿಕೆ. ನಿಮ್ಮ ಹತ್ರ ಹಳೇ ಪೋಕೆಮಾನ್ ಕ್ಯಾಸೆಟ್ ಇದ್ರೆ ಅದ್ರೊಳಗೆ ಬಟನ್ ಸೆಲ್ ಇರುತ್ತೆ, ಸೇವ್ ನಿಂತಿರೋದೇ ಅದರ ಮೇಲೆ, ಸೆಲ್ ಸತ್ರೆ ಸೇವೂ ಹೋಯ್ತು. ಗೋಲ್ಡ್, ಸಿಲ್ವರ್ ಆದ್ರೆ ಒಳಗಿನ ಗಡಿಯಾರಾನೂ ಅದೇ ಸೆಲ್ಲಲ್ಲಿ ಓಡೋದ್ರಿಂದ ಇನ್ನೂ ಬೇಗ.

ಪ್ರಶ್ನೆ: ಮಗನಿಗೆ ಹದಿಮೂರು. ಫೋನಲ್ಲಿ ಸಾವಿರ ಗೇಮ್ ಇದೆ, ಮನೇಲಿ ಕಂಪ್ಯೂಟರ್ ಇದೆ, ಆದ್ರೂ ಕನ್ಸೋಲ್ ಬೇಕು ಅಂತ ಹಠ. ಬರೀ ಆಟಕ್ಕೆ ಅಂತಾನೇ ಒಂದು ಡಬ್ಬ ಯಾಕೆ ಬೇಕು ಅಂತ ನನಗೆ ಅರ್ಥ ಆಗಿಲ್ಲ. ಬೈಬೇಡಿ. (ಒಬ್ಬ ಅಮ್ಮ)

ಬೈಯೋದೇನಮ್ಮ, ಇಷ್ಟು ಪತ್ರದಲ್ಲಿ ಅಸಲಿ ಪ್ರಶ್ನೆ ಕೇಳಿದೋರು ನೀವೊಬ್ರೇ.

ಕನ್ಸೋಲ್ ಅಂದ್ರೆ ಬದಲಾಗದ ಡಬ್ಬ. ನಿಮ್ಮ ಮಗನ ಹತ್ರ ಇರೋದೂ, ಇನ್ನೊಂದು ಖಂಡದಲ್ಲಿ ಇರೋ ಹುಡುಗಿ ಹತ್ರ ಇರೋದೂ ಒಂದೇ. ಕಂಪ್ಯೂಟರಲ್ಲಿ ಹಾಗಲ್ಲ, ಅವನದ್ರಲ್ಲಿ ಓಡುತ್ತೆ ನಮ್ಮದ್ರಲ್ಲಿ ತಡವರಿಸುತ್ತೆ, ಕಾರ್ಡ್ ಹಾಕ್ಸಿ ರ್‍ಯಾಮ್ ಹಾಕ್ಸಿ ಅಂತ ಮುಗಿಯದ ಗೋಳು. ಡಬ್ಬ ಒಂದೇ ಆಗಿದ್ದಾಗ ಗೇಮ್ ಮಾಡೋರಿಗೆ ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ, ಕೊಟ್ಟಿದ್ರಲ್ಲೇ ಸಂಸಾರ ಮಾಡ್ಬೇಕು, ಆ ಸಂಸಾರ ನೋಡೋದೇ ಒಂದು ಮಜಾ.

ಉದಾಹರಣೆ ಕೊಡ್ತೀನಿ. 1977ರ ಅಟಾರಿ 2600 ಒಳಗೆ ಇದ್ದ ಮೆಮೊರಿ 128 ಬೈಟ್. ಕೆಬಿ ಅಲ್ಲ, ಎಂಬಿ ಅಲ್ಲ, ಬೈಟು. ಕಂಪ್ಯೂಟರಲ್ಲಿ ಅಕ್ಷರ ಇಡೋ ಈಗಿನ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು, ಅಂದ್ರೆ ನಿಮ್ಮ ಪ್ರಶ್ನೆಯ ಮೊದಲ ವಾಕ್ಯ ದಾಟಿ ಸ್ವಲ್ಪ ಮುಂದೆ ಹೋಗೋಷ್ಟರಲ್ಲಿ ಮೆಮೊರಿ ಖಾಲಿ. ಪೂರ್ತಿ ಚಿತ್ರ ಇಟ್ಕೊಳ್ಳೋಕೆ ಜಾಗಾನೇ ಇಲ್ಲ, ಹಾಗಾಗಿ ಟಿವಿ ಒಂದೊಂದು ಗೆರೆ ಎಳೆಯೋ ಹೊತ್ತಿಗೆ ಸರಿಯಾಗಿ ಆ ಗೆರೆಗೆ ಏನು ಬೇಕೋ ಅದನ್ನ ಪ್ರೋಗ್ರಾಂ ಓಡೋಡಿ ಕೊಡ್ಬೇಕಿತ್ತು. ಅಂಥಾ ಡಬ್ಬದಲ್ಲಿ 1982ರಲ್ಲಿ ಡೇವಿಡ್ ಕ್ರೇನ್ ಅನ್ನೋರು ಪಿಟ್‌ಫಾಲ್ ಅನ್ನೋ ಗೇಮಿಗೆ 255 ಬೇರೆ ಬೇರೆ ಪರದೆಯ ಕಾಡು ಕಟ್ಟಿದ್ರು, ಕ್ಯಾಸೆಟ್ ಜಾಗ ಬರೀ 4 ಕೆಬಿ. ಕಾಡನ್ನ ಎಲ್ಲೂ ಬರ್ದಿಟ್ಟಿಲ್ಲ, ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ಹುಟ್ಟಿಸೋ ಲೆಕ್ಕದಿಂದ ಪ್ರತಿ ಪರದೇಲಿ ಮರ ಎಲ್ಲಿ ಗುಂಡಿ ಎಲ್ಲಿ ಅಂತ ಆಗಾಗ್ಲೇ ತೀರ್ಮಾನ ಆಗುತ್ತೆ. ಸೂಪರ್ ಮಾರಿಯೋ ಬ್ರೋಸಲ್ಲಿ ಮೇಲಿನ ಮೋಡಾನೂ ಕೆಳಗಿನ ಪೊದೇನೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ, ಇಡೀ ಗೇಮ್ 40 ಕೆಬಿ. ಇದು ಗೊತ್ತಾದ ಮೇಲೆ ಆ ಪೊದೆ ನೋಡಿದಾಗೆಲ್ಲಾ ನನಗೆ ಮೋಡಾನೇ ಕಾಣ್ಸುತ್ತೆ, ಏನ್ಮಾಡ್ಲಿ.

ಇನ್ನು ಫೋನಿಗೂ ಇದಕ್ಕೂ ವ್ಯತ್ಯಾಸ ನಿಮಗೇ ಗೊತ್ತು. ಫೋನಲ್ಲಿ ಆಡ್ತಿದ್ರೆ ನಡುವೆ ಬ್ಯಾಂಕ್ ಮೆಸೇಜು, ಗ್ರೂಪ್ ಮೆಸೇಜು, ಜಾಹೀರಾತು, ಐದು ನಿಮಿಷಕ್ಕೊಂದ್ಸಲ ಇದನ್ನ ಕೊಂಡ್ಕೋ ಅದನ್ನ ಕೊಂಡ್ಕೋ. ಈಗಿನ ಕನ್ಸೋಲ್ ಗೇಮ್‌ಗಳಲ್ಲೂ ಆ ಕೊಂಡ್ಕೋ ರೋಗ ಬಂದಿದೆ, ಸುಳ್ಳು ಹೇಳಲ್ಲ, ಖಾತೇಲಿ ದುಡ್ಡಿನ ಲಾಕು, ಸಮಯದ ಲಾಕು ಎರಡೂ ಹಾಕೋ ವ್ಯವಸ್ಥೆ ಇದೆ, ತಂದ್ರೆ ಮೊದಲ ದಿನಾನೇ ಹಾಕಿ. ತರ್ಬೇಕೋ ಬೇಡ್ವೋ ನಿಮ್ಮಿಷ್ಟ, ಆದ್ರೆ ತಂದ್ರೆ ಅದನ್ನ ಅವನ ರೂಮಲ್ಲಿ ಇಡ್ಬೇಡಿ, ಎಲ್ರೂ ಕೂರೋ ಟಿವಿಗೇ ಹಾಕಿ, ಎರಡನೇ ಕಂಟ್ರೋಲರ್ ನಿಮಗೆ.

ಪ್ರಶ್ನೆ: ನಮ್ಮ ಹತ್ರ ಇದ್ದಿದ್ದು 9999 ಇನ್ 1 ಕ್ಯಾಸೆಟ್. ಕಂಪನಿ ಹೆಸ್ರೂ ನೆನಪಿಲ್ಲ. ಇದನ್ನ ಫೇವರಿಟ್ ಅಂದ್ರೆ ಪಿಎಸ್5 ಇರೋ ಕಸಿನ್ಸ್ ಎಲ್ಲಾ ನಗ್ತಾರೆ. ಇದೂ ಕನ್ಸೋಲಾ? (ಮೂವತ್ತು ಜೀವದವ)

ಕನ್ಸೋಲೇ, ಧೈರ್ಯವಾಗಿ ಹೇಳಿ. ನಿಮ್ಮದು ಫ್ಯಾಮಿಕಾಮಿನ ನಕಲು. ಇಡೀ ಫ್ಯಾಮಿಕಾಮನ್ನ ಒಂದೇ ಚಿಪ್ಪಿಗೆ ಇಳಿಸಿ ಯಾವ್ಯಾವ್ದೋ ಹೆಸರಿನ ಡಬ್ಬದಲ್ಲಿ ಹಾಕಿ ಪ್ರಪಂಚ ಪೂರ್ತಿ ಮಾರಿದ್ರು, ಒಳಗೆ ತೆಗ್ದು ನೋಡಿದ್ರೆ ದೊಡ್ಡ ಡಬ್ಬದಲ್ಲಿ ಅಂಗೈ ಅಗಲದ ಬೋರ್ಡು, ಅದರ ಮೇಲೆ ಕಪ್ಪು ಅಂಟಿನ ಒಂದು ಗುಪ್ಪೆ, ಅಷ್ಟೇ. ರಷ್ಯಾದಲ್ಲಿ ಇದೇ ಜಾತಿಯ ಡೆಂಡಿ ಅನ್ನೋದು 1992ರಲ್ಲಿ ಬಂತು, ಅಲ್ಲಿ ಒಂದು ತಲೆಮಾರಿಗೆ ವಿಡಿಯೋ ಗೇಮ್ ಅಂದ್ರೇನೇ ಡೆಂಡಿ, ನಿಂಟೆಂಡೊ ಹೆಸರೇ ಕೇಳದೆ ಮಾರಿಯೋ ಆಡ್ಕೊಂಡು ಬೆಳೆದೋರು ಲಕ್ಷಗಟ್ಟಲೆ ಇದಾರೆ.

9999 ಅಂತ ಬರ್ದಿರೋದು ಮಾತ್ರ ಹಸೀ ಸುಳ್ಳು. ಇದ್ದಿದ್ದು ಹತ್ತಿಪ್ಪತ್ತು ಗೇಮು, ಅದನ್ನೇ ಬೇರೆ ಬೇರೆ ಲೆವೆಲಿಂದ ಶುರು ಮಾಡಿಸಿ ಹೆಸ್ರು ಬದಲಾಯ್ಸಿ ಪಟ್ಟಿ ಉದ್ದ ಮಾಡಿರ್ತಾರೆ. ಆದ್ರೂ ನಾವು ಒಂದೊಂದೇ ನಂಬರ್ ಒತ್ತಿ 400ರ ತನಕ ನೋಡಿದೀವಿ ಅಲ್ವಾ, ಮುಂದೆ ಎಲ್ಲೋ ಒಂದು ಹೊಸದಿರುತ್ತೆ ಅಂತ.

ನಿಮ್ಮ ಮೂವತ್ತು ಜೀವಕ್ಕೆ ಕಾರಣ ಕಝುಹಿಸಾ ಹಾಶಿಮೊಟೊ ಅನ್ನೋ ಮನುಷ್ಯ. ಕೊನಾಮಿಯ ಗ್ರೇಡಿಯಸ್ ಅನ್ನೋ ಗೇಮನ್ನ ಫ್ಯಾಮಿಕಾಮಿಗೆ ತರುವಾಗ ಅವನಿಗೇ ಅದು ಆಡೋಕೆ ಕಷ್ಟ ಆಯ್ತಂತೆ, ಟೆಸ್ಟ್ ಮಾಡೋಕೆ ಸುಲಭ ಆಗ್ಲಿ ಅಂತ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಅಂತ ಒಂದು ಗುಟ್ಟಿನ ದಾರಿ ಇಟ್ಕೊಂಡ, ಅದು ಗೇಮ್ ಜೊತೇಲೇ 1986ರಲ್ಲಿ ಆಚೆ ಬಂತು. ಆಮೇಲೆ ಕೊನಾಮಿಯದ್ದೇ ಕಾಂಟ್ರಾ ಅನ್ನೋ ಗೇಮಲ್ಲೂ ಅದೇ ಒತ್ತಿದ್ರೆ ಮೂವತ್ತು ಜೀವ. ಅವರು 2020ರಲ್ಲಿ ತೀರ್ಕೊಂಡ್ರು. ಈಗ ಓದುವಾಗ ನಿಮ್ಮ ಹೆಬ್ಬೆರಳು ಒಂಚೂರು ಅಲ್ಲಾಡಿದ್ರೆ ನಾವು ಒಂದೇ ಜಾತಿ.

ಪ್ರಶ್ನೆ: ಡ್ರೀಮ್‌ಕಾಸ್ಟ್ ಬಗ್ಗೆ ನೀವು ಒಂದ್ಸಲಾನೂ ಬರ್ದಿಲ್ಲ. ಯಾಕೆ? (ಇನ್ನೂ ದುಃಖದಲ್ಲಿರೋನು)

ಬರೆಯೋಕೆ ಹೋದ್ರೆ ನಿಲ್ಸೋಕೆ ಆಗಲ್ಲ ಅಂತ. ಸೆಗಾ ಕಂಪನಿಯ ಈ ಕನ್ಸೋಲ್ 1998 ನವೆಂಬರಲ್ಲಿ ಜಪಾನಲ್ಲಿ ಬಂತು, ಡಬ್ಬದಲ್ಲೇ ಮೋಡೆಮ್, ಅಂದ್ರೆ ಕನ್ಸೋಲಲ್ಲಿ ಆನ್‌ಲೈನ್ ಅನ್ನೋದು ಮಾಮೂಲಾಗೋ ಮುಂಚೆ ಇದು ಫೋನ್ ಲೈನಿಗೆ ಸಿಕ್ಕಿಸ್ಕೊಂಡು ಮೂರು ಜನ ಅಪರಿಚಿತರ ಜೊತೆ ಫ್ಯಾಂಟಸಿ ಸ್ಟಾರ್ ಆನ್‌ಲೈನ್ ಅನ್ನೋ ಗೇಮ್ ಆಡಿಸ್ತು. ಮೆಮೊರಿ ಕಾರ್ಡಿಗೇ ಸಣ್ಣ ಸ್ಕ್ರೀನು ಬಟನ್ನು, ಕಂಟ್ರೋಲರಿಂದ ಕಿತ್ತು ಜೇಬಲ್ಲಿ ಹಾಕ್ಕೊಂಡು ಅದನ್ನೇ ಆಡ್ಬಹುದು. ಏನೇನೋ ಇತ್ತು. ಆದ್ರೆ ಸೆಗಾ ಅದಕ್ಕೂ ಮುಂಚೆ ಸ್ಯಾಟರ್ನ್ ಅನ್ನೋ ಕನ್ಸೋಲಲ್ಲಿ ಕೈ ಸುಟ್ಕೊಂಡಿತ್ತು, ಜನ ಪಿಎಸ್2 ಬರುತ್ತೆ ಕಾಯೋಣ ಅಂದ್ರು, 2001 ಮಾರ್ಚಿಗೆ ನಿಲ್ಸಿಬಿಟ್ರು. ಸುಮಾರು 91 ಲಕ್ಷ ಮಾರಾಟ, ಪಿಎಸ್2 ಪಕ್ಕ ಇಟ್ರೆ ಏನೂ ಅಲ್ಲ. ಅದೇ ಡಿಸೆಂಬರಲ್ಲಿ ಸೆಗಾ ಗೇಮ್‌ಗಳ ಹೀರೋ ಸೋನಿಕ್ಕು ನಿಂಟೆಂಡೊ ಡಬ್ಬದಲ್ಲಿ ಓಡೋಕೆ ಶುರು ಮಾಡ್ದ, ಹತ್ತು ವರ್ಷ ಸ್ಕೂಲಲ್ಲಿ ಮಾರಿಯೋನಾ ಸೋನಿಕ್ಕಾ ಅಂತ ಹೊಡೆದಾಡಿದ ನಮ್ಮ ಮುಖ ಎಲ್ಲಿ ಇಟ್ಕೊಳ್ಳೋದು.

ಚಿಕ್ಕ ವಯಸ್ಸಲ್ಲಿ ಹೋದೋರನ್ನ ಯಾರೂ ಬೈಯಲ್ಲ, ಡ್ರೀಮ್‌ಕಾಸ್ಟ್ ಮೇಲಿನ ಪ್ರೀತೀಲಿ ಅದೂ ಸ್ವಲ್ಪ ಇದೆ. ಇನ್ನೂ ಮೂರು ವರ್ಷ ಬದುಕಿದ್ದಿದ್ರೆ ಅದರ ಮೇಲೂ ಕಸ ಗೇಮ್‌ಗಳು ಬರ್ತಿದ್ವು.

ಪ್ರಶ್ನೆ: ಅನಲಾಗ್ ಸ್ಟಿಕ್ ಮುಟ್ಟದಿದ್ರೂ ನನ್ನ ಪ್ಲೇಯರ್ ತಾನೇ ಎಡಕ್ಕೆ ನಡ್ಕೊಂಡು ಹೋಗ್ತಾನೆ. ಕಂಟ್ರೋಲರಿಗೆ ಇನ್ನೂ ಒಂದೂವರೆ ವರ್ಷ ಆಗಿಲ್ಲ. (ದೆವ್ವ ಹಿಡಿದ ಕಂಟ್ರೋಲರ್)

ದೆವ್ವ ಅಲ್ಲ, ಸವೆತ. ಸ್ಟಿಕ್ ಕೆಳಗೆ ಎರಡು ಪೊಟೆನ್ಷಿಯೋಮೀಟರ್ ಇರುತ್ತೆ, ಹಳೇ ರೇಡಿಯೋ ವಾಲ್ಯೂಮ್ ತಿರುಪಿನ ಥರದ್ದೇ, ಇಂಗಾಲದ ಪಟ್ಟಿ ಮೇಲೆ ಒಂದು ಲೋಹದ ಬೆರಳು ಉಜ್ಜುತ್ತಾ ಇರುತ್ತೆ. ಉಜ್ಜಿ ಉಜ್ಜಿ ಪಟ್ಟಿ ಸವೆದಾಗ ಸ್ಟಿಕ್ ನಡುವೆ ಇದ್ರೂ ನಡುವೆ ಇಲ್ಲ ಅಂತ ಸಿಗ್ನಲ್ ಹೋಗುತ್ತೆ. ಸದ್ಯಕ್ಕೆ ಸೆಟಿಂಗ್ಸಲ್ಲಿ ಡೆಡ್‌ಝೋನ್, ಅಂದ್ರೆ ಸ್ಟಿಕ್ ಒಂಚೂರು ಅಲ್ಲಾಡಿದ್ರೂ ಲೆಕ್ಕಕ್ಕೆ ತಗೊಳ್ಳದ ಜಾಗ, ಜಾಸ್ತಿ ಮಾಡಿ ಓಡ್ಸಿ, ವಾರಂಟಿ ಇದ್ರೆ ಕೊಟ್ಟುಬಿಡಿ, ಸ್ವಂತ ಬಿಚ್ಚೋಕೆ ಹೋಗ್ಬೇಡಿ. ನಾನು ಹೋಗಿದ್ದೆ, ಒಂದು ಸ್ಪ್ರಿಂಗ್ ಹಾರಿ ಸೋಫಾ ಕೆಳಗೆ ಸೇರಿದ್ದು ಇವತ್ತಿಗೂ ಸಿಕ್ಕಿಲ್ಲ. ಮುಂದಿನ ಸಲ ತಗೊಳ್ಳೋವಾಗ ಹಾಲ್ ಎಫೆಕ್ಟ್ ಸ್ಟಿಕ್ ಅಂತ ಕೇಳಿ, ಅದ್ರಲ್ಲಿ ಆಯಸ್ಕಾಂತ, ಉಜ್ಜೋದೇ ಇಲ್ಲ. ತಮಾಷೆ ಏನಂದ್ರೆ ಮೇಲೆ ಅತ್ಕೊಂಡು ಬರ್ದಿದೀನಲ್ಲ ಡ್ರೀಮ್‌ಕಾಸ್ಟ್, ಅದರ ಕಂಟ್ರೋಲರಲ್ಲಿ 1998ರಲ್ಲೇ ಇದಿತ್ತು.

ಪ್ರಶ್ನೆ: ಬಾತುಕೋಳಿ ಹೊಡೆಯೋ ಗನ್ನು ಹೊಸ ಎಲ್‌ಇಡಿ ಟಿವೀಲಿ ಕೆಲಸ ಮಾಡ್ತಿಲ್ಲ. ಗನ್ ಹಾಳಾಗಿದ್ಯಾ? (ಗುರಿ ತಪ್ಪದವ)

ಗನ್ ಸರಿ ಇದೆ, ಟಿವಿ ಬೇರೆ ಜಾತಿ. ಆ ಗನ್ನಿಂದ ಏನೂ ಆಚೆ ಬರಲ್ಲ, ಅದು ನೋಡೋ ಕಣ್ಣು. ನೀವು ಒತ್ತಿದ ತಕ್ಷಣ ಟಿವಿ ಕಣ್ಣು ಮಿಟುಕಿಸೋಷ್ಟು ಹೊತ್ತು ಪೂರ್ತಿ ಕಪ್ಪಾಗಿ, ಆಮೇಲೆ ಬಾತುಕೋಳಿ ಇರೋ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತೆ, ಗನ್ನಿಗೆ ಆ ಬಿಳಿ ಕಂಡ್ರೆ ಬಿತ್ತು ಅಂತ ಲೆಕ್ಕ. ಮೊದ್ಲು ಕಪ್ಪು ಮಾಡೋದು ಯಾಕೆ ಅಂದ್ರೆ ಯಾರಾದ್ರೂ ಬಲ್ಬಿಗೆ ಗುರಿ ಇಟ್ಟು ಮೋಸ ಮಾಡ್ಬಾರ್ದು ಅಂತ. ಇದೆಲ್ಲಾ ಹಳೇ ಪಿಕ್ಚರ್ ಟ್ಯೂಬಿನ ವೇಗಕ್ಕೆ ಹೊಂದಿಸಿರೋದು, ಹೊಸ ಟಿವಿ ಚಿತ್ರ ತೋರಿಸೋದು ಒಂಚೂರು ತಡ, ಅಷ್ಟರಲ್ಲಿ ಗನ್ ನೋಡಿ ಮುಗಿಸಿರುತ್ತೆ. ಹಳೇ ದಪ್ಪ ಟಿವಿ ಹುಡುಕಿ, ಬೇರೆ ದಾರಿ ಕಷ್ಟ. ಗುರಿ ತಪ್ಪಿದಾಗ ಆ ಗೇಮಲ್ಲಿ ನಾಯಿ ನಗೋದನ್ನ ನಿಲ್ಸೋಕೆ ಆಗ್ಲೂ ದಾರಿ ಇರ್ಲಿಲ್ಲ.

ಪ್ರಶ್ನೆ: ನನ್ನ ಫೇವರಿಟ್ ನಿಂಟೆಂಡೊ ವೀ. ಗೇಮರ್ ಅಂತ ಹೇಳ್ಕೊಳ್ಳೋ ಫ್ರೆಂಡ್ಸ್ ಎಲ್ಲಾ ಅದು ಅಜ್ಜಿಯರ ಕನ್ಸೋಲ್ ಅಂತಾರೆ. (ಬೌಲಿಂಗ್ ಚಾಂಪಿಯನ್)

ಅಜ್ಜಿಯರದ್ದೇ, ಅದೇ ಅದರ ಹೆಗ್ಗಳಿಕೆ. 2006ರಲ್ಲಿ ಎದುರಾಳಿಗಳು ಎಚ್‌ಡಿ ಅಂತ ಕುಣೀತಿದ್ದಾಗ ಇದು ಹಳೇ ರೆಸಲ್ಯೂಶನಲ್ಲೇ ಬಂದು 10 ಕೋಟಿ ದಾಟ್ತು, ಪಿಎಸ್3ಗಿಂತ ಜಾಸ್ತಿ. ಬಟನ್ ಕಲಿಯೋದು ಬೇಕಾಗಿಲ್ಲ, ಕೈ ಬೀಸಿದ್ರೆ ಚೆಂಡು ಹೋಗುತ್ತೆ. ಮಣಿಕಟ್ಟಿಗೆ ಪಟ್ಟಿ ಹಾಕ್ಕೊಳ್ಳದೆ ಬೀಸಿ ಟಿವಿ ಒಡೆದೋರೂ ಇದಾರೆ. ಒಂದೇ ಮನೇಲಿ ಎಪ್ಪತ್ತು ವರ್ಷದೋರೂ ಏಳು ವರ್ಷದೋರೂ ಸಮ ಸಮ ಆಡಿ, ಎಪ್ಪತ್ತರವ್ರು ಗೆದ್ದು ಕುಣಿದಿದ್ದನ್ನ ಬೇರೆ ಯಾವ ಕನ್ಸೋಲ್ ತೋರಿಸ್ತು ಅಂತ ಆ ಫ್ರೆಂಡ್ಸ್‌ನ ಕೇಳಿ.

ಪ್ರಶ್ನೆ: ಡಿಸ್ಕ್ ತಗೊಳ್ಳೋದಾ ಡೌನ್‌ಲೋಡ್ ಮಾಡೋದಾ? (ಗೊಂದಲದಲ್ಲಿರೋಳು)

ಒಂದ್ಸಲ ಆಡಿ ಮರೆಯೋ ಗೇಮ್ ಡೌನ್‌ಲೋಡ್ ಮಾಡಿ, ಹತ್ತು ವರ್ಷ ಆದ್ಮೇಲೂ ಬೇಕು ಅನ್ಸೋದನ್ನ ಕೈಗೆ ಸಿಗೋ ಥರ ಇಟ್ಕೊಳ್ಳಿ. ನಿಂಟೆಂಡೊ 3ಡಿಎಸ್ಸು, ವೀ ಯು ಆನ್‌ಲೈನ್ ಅಂಗಡಿ 2023 ಮಾರ್ಚಲ್ಲಿ ಬಾಗಿಲು ಹಾಕ್ತು, ಅಲ್ಲಿ ಮಾತ್ರ ಸಿಗ್ತಿದ್ದ ಗೇಮ್‌ಗಳನ್ನ ಈಗ ಕೊಳ್ಳೋಕೆ ಆಗಲ್ಲ. ಅಂದ ಹಾಗೆ ಸ್ವಿಚ್ ಗೇಮ್ ಕಾರ್ಡ್ ನೆಕ್ಕಿ ನೋಡ್ಬೇಡಿ, ಮಕ್ಕಳು ನುಂಗಬಾರ್ದು ಅಂತ ಕಹಿ ಲೇಪ ಹಾಕಿರ್ತಾರೆ. ಓದಿದ ಮೇಲೆ ನೆಕ್ಕೇ ನೆಕ್ತೀರಿ, ನಾನೂ ನೆಕ್ಕಿದೀನಿ.

ಪ್ರಶ್ನೆ: ಅಟ್ಟ ಕ್ಲೀನ್ ಮಾಡುವಾಗ ಅಣ್ಣನ ಪಿಎಸ್2 ಸಿಕ್ತು. ಆನ್ ಮಾಡಿದ್ರೆ ಕತ್ತಲಲ್ಲಿ ಎತ್ತರ ಎತ್ತರ ಕಂಬಗಳು ನಿಂತಿರೋ ಥರ ಬರುತ್ತೆ, ಆಮೇಲೆ ಮಾಯ. ನಮ್ಮ ಕಸಿನ್ ಮನೇದ್ರಲ್ಲಿ ಇಷ್ಟು ಕಂಬ ಇರ್ಲಿಲ್ಲ ಅನ್ನೋ ನೆನಪು. ಅಣ್ಣ ಬೇರೆ ದೇಶ ಸೇರಿ ಹನ್ನೆರಡು ವರ್ಷ ಆಯ್ತು, ಈಗ ಮಾತೂ ಕಮ್ಮಿ. ಚಿಕ್ಕವಳಿದ್ದಾಗ ನನ್ನ ಕೈಗೆ ಕಂಟ್ರೋಲರ್ ಕೊಟ್ಟು ನೀನೂ ಆಡ್ತಿದೀಯ ನೋಡು ಅಂತಿದ್ದ, ಅದರ ವೈರ್ ಚುಚ್ಚೇ ಇರ್ಲಿಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಈಗ ಮಗ ಆಡ್ತೀನಿ ಅಂತಾನೆ, ಮೆಮೊರಿ ಕಾರ್ಡ್ ಫುಲ್ ಅಂತ ಬರುತ್ತೆ, ಎಲ್ಲಾ ಡಿಲೀಟ್ ಮಾಡ್ಲಾ? (ಮೋಸ ಹೋದ ತಂಗಿ)

ತಾಯಿ, ಕೈ ತೆಗೀರಿ, ಏನೂ ಒತ್ಬೇಡಿ.

ಆ ಕಂಬಗಳು ನಿಮ್ಮ ಅಣ್ಣ. ಪಿಎಸ್2 ಮೆಮೊರಿ ಕಾರ್ಡಲ್ಲಿ ತನ್ನ ಪಾಡಿಗೆ ಒಂದು ಸಣ್ಣ ಲೆಕ್ಕದ ಫೈಲ್ ಇಟ್ಕೊಳ್ಳುತ್ತೆ, ಯಾವ್ಯಾವ ಗೇಮ್ ಹಾಕಿದ್ರು, ಎಷ್ಟೆಷ್ಟು ಸಲ ಹಾಕಿದ್ರು ಅಂತ. ಆನ್ ಆದಾಗ ಅದನ್ನ ಓದಿ ಕಂಬ ನಿಲ್ಸುತ್ತೆ, ಜಾಸ್ತಿ ಸಲ ಆಡಿದ ಗೇಮಿಂದು ಎತ್ತರ. ಹೊಸ ಕಾರ್ಡ್ ಹಾಕಿ ನೋಡಿ, ಬರೀ ಮಂಜು ಬರುತ್ತೆ, ಕಂಬ ಒಂದೂ ಇರಲ್ಲ. ಹಂಗಾಗಿ ಕಸಿನ್ ಮನೇದ್ರಲ್ಲಿ ಕಮ್ಮಿ ಇದ್ದಿದ್ದು, ನಿಮ್ಮ ಅಣ್ಣ ಓದಿದ್ದು ಅಷ್ಟಕ್ಕಷ್ಟೇ ಅಂತ ಕಾಣುತ್ತೆ.

ಡಿಸ್ಕ್ ಹಾಕದೆ ಆನ್ ಮಾಡಿ ಪಿಎಸ್2 ಮೆನುವಿನ ಬ್ರೌಸರ್ ಒಳಗೆ ಹೋಗಿ. ಒಂದೊಂದು ಸೇವಿಗೂ ಒಂದೊಂದು ಸಣ್ಣ ಗೊಂಬೆ, ಕಾರು, ಏನೋ ಒಂದು ತಿರುಗ್ತಾ ಇರುತ್ತೆ, ಪಕ್ಕದಲ್ಲಿ ಸೇವ್ ಮಾಡಿದ ತಾರೀಕು, ಟೈಮು. ಡಿಲೀಟ್ ಅಂತ ಒತ್ತೋಕೆ ಹೋದ್ರೆ ಎಷ್ಟೋ ಗೇಮ್‌ಗಳ ಗೊಂಬೆ ಬೇರೆ ಥರ ಆಡೋಕೆ ಶುರು ಮಾಡುತ್ತೆ, ಅದಕ್ಕೇ ಅಂತ ಬೇರೆ ಚಿತ್ರ ಇಟ್ಟಿರ್ತಾರೆ, ನೋಡಿದ್ರೆ ಕೈ ಬರಲ್ಲ. ಟಿವಿ ಮುಂದೆ ಕೂತು ಆ ತಾರೀಕುಗಳನ್ನ ಒಂದ್ಸಲ ಓದಿ, ಯಾವ ಪರೀಕ್ಷೆ ಹಿಂದಿನ ರಾತ್ರಿ ಅಂತ ನಿಮಗೇ ನೆನಪಾಗುತ್ತೆ.

ಈ ಕಾರ್ಡಿಗೆ ಗೇಮ್ ಬಾಯ್ ಕ್ಯಾಸೆಟ್ ಥರ ಒಳಗೆ ಸೆಲ್ ಇಲ್ಲ, ಹಾಗಾಗಿ ಸೆಲ್ ಸತ್ತು ಅಳಿಸಿಹೋಗೋ ಭಯ ಇಲ್ಲ. ಇನ್ನೊಂದು 8 ಎಂಬಿ ಕಾರ್ಡ್ ಹುಡುಕಿ ಮಗನಿಗೆ ಅಂತಾನೇ ಎರಡನೇ ಸ್ಲಾಟಲ್ಲಿ ಹಾಕಿ, ಅಣ್ಣಂದು ಮೊದಲನೇ ಸ್ಲಾಟಲ್ಲೇ ಇರ್ಲಿ. ಕಂಬಗಳು ಬಂದಾಗ ಫೋನಲ್ಲಿ ಒಂದು ಫೋಟೋ ತೆಗೀರಿ, ಎರಡು ಮೂರು ಸೆಕೆಂಡ್ ಇರುತ್ತೆ ಅಷ್ಟೇ, ಮೊದಲೇ ಕ್ಯಾಮೆರಾ ಆನ್ ಇಟ್ಕೊಂಡಿರಿ. ಅದನ್ನ ಅಣ್ಣನಿಗೆ ಕಳ್ಸಿ, ಕೆಳಗೆ ಏನೂ ಬರೀಬೇಡಿ. ಆಮೇಲೆ ಮಗನ ಪಕ್ಕ ಕೂತ್ಕೊಂಡು ನೀವೂ ಆಡಿ, ಕೂರೋ ಮುಂಚೆ ನಿಮ್ಮ ಕೈಲಿರೋದರ ವೈರ್ ಚುಚ್ಚಿದೆಯಾ ಅಂತ ಒಂದ್ಸಲ ಬಗ್ಗಿ ನೋಡ್ಕೊಳ್ಳಿ, ಅಣ್ಣನ ಬುದ್ಧಿ ಅವನಿಗೂ ಬಂದಿರ್ಬಹುದು.